ಕಾಕಾನ ಟೇಪಿಗೆ ಸಿಕ್ಕ ಹೊಂಡ

ನಮ್ಮ ಕಾಕಾನ ಜತೆ ಹಾಳು ಗುಡಿ ನೋಡಲು ಮಾತ್ರ ಹೋಗಬೇಡಿ. ಗುಡಿಯೇನೋ ಹಾಳಾಗಿದೆ ಸರಿ, ನೀವೂ ಹಾಳಾಗಿ ಬರುತ್ತೀರಿ! ಇಂಡಿ ಊರಿನಲ್ಲಿ ಜೀವಮಾನವಿಡೀ ಟೇಲರಿಂಗ್ ಮಾಡಿದ ಮನುಷ್ಯ; ಕಣ್ಣಿಗೆ ಬಿದ್ದದ್ದನ್ನೆಲ್ಲ ಅಳೆಯುತ್ತಾನೆ. ನನ್ನನ್ನು ನೋಡಲು ವರನ ಕಡೆಯವರು ಬಂದಾಗ ಎಲ್ಲರೂ ಹುಡುಗನ ನೌಕರಿ ಕೇಳಿದರೆ, ಈತ ಅವನ ಭುಜಕ್ಕೆ ಟೇಪು ಹಿಡಿದು, "ಎಡಕ್ಕ ಅರ್ಧ ಇಂಚು ಇಳದೈತಿ. ಉಳದದ್ದು ಅಡ್ಡಿಯಿಲ್ಲ" ಎಂದು ತೀರ್ಪು ಕೊಟ್ಟಿದ್ದ. ಆ ಇಳಿದ ಭುಜದ ಮೇಲೆಯೇ ನನ್ನ ಸಂಸಾರ ನಡೆದಿದೆ ಬಿಡಿ.

ಆತನ ಹೆಂಡತಿ, ನಮ್ಮ ಕಾಕು, ಮೊಣಕಾಲು ಹಿಡಿದುಕೊಂಡು ಹೊಸ್ತಿಲು ದಾಟುವವಳು. ಅವಳಿಗೆ ಒಂದೇ ಆಸೆ. ಮದುವೆಯಾದ ಹೊಸದರಲ್ಲಿ ತನ್ನ ಅವ್ವನ ಜತೆ ಹೋಗಿ ನೀರಿನ ದೇವತೆ ಗಂಗವ್ವನಿಗೆ ಉಡಿ ತುಂಬಿದ್ದ, ತಾಂಬಾ ಊರ ಕಡೆಯ ಹಳೆಯ ಗುಡಿಯ ಹೊಂಡಕ್ಕೆ ಇನ್ನೊಮ್ಮೆ ಇಳಿಯಬೇಕು, ನೀರು ಮುಟ್ಟಬೇಕು.

"ನೀರ ಬೇಕಾದ್ರ ನಳದಾಗ ಐತಿ, ಮುಟ್ಟು!" ಎಂದ ಕಾಕಾ. ಕಾಕು ಎರಡು ದಿನ ಮಾತು ಬಿಟ್ಟಳು.

ಮುಂದಿನ ಭಾನುವಾರವೇ ಈತ ನನ್ನ ಸ್ಕೂಟಿಯ ಹಿಂದೆ ಕೂತು ಅದೇ ಹೊಂಡಕ್ಕೆ ಹೊರಟ! ಮನೆಯಲ್ಲಿ ಹೇಳಬಾರದೆಂಬ ಷರತ್ತು ಬೇರೆ. ಗುಡಿ ಅರ್ಧ ಬಿದ್ದಿದೆ, ಹೊಂಡದ ತುಂಬ ಜಾಲಿಕಂಟಿ. 'ಸಂರಕ್ಷಿತ ಸ್ಮಾರಕ' ಎಂಬ ಬೋರ್ಡು ಮಾತ್ರ ಸುರಕ್ಷಿತವಾಗಿದೆ. ಅದರ ಕಂಬಕ್ಕೆ ಎಮ್ಮೆ ಕಟ್ಟುತ್ತಾರಲ್ಲ, ಅದಕ್ಕೆ. ಕಾಕಾ ಉತ್ತರದ ಮಗ್ಗುಲಲ್ಲಿ ಹೊಂಡಕ್ಕಿಳಿಯುವ ಒಂದೊಂದೇ ಪಾವಟಿಗೆಯ ಎತ್ತರ ಅಳೆದು ಸೀಮೆಸುಣ್ಣದಲ್ಲಿ ಗುರುತು ಹಾಕತೊಡಗಿದ.

"ಕಟ್ಟಿಸಿದ ರಾಜಾಗ ಅಳತಿ ಗೊತ್ತಿರ್ಲಿಲ್ಲ. ಒಂದು ಒಂಬತ್ತು ಇಂಚು, ಮತ್ತೊಂದು ಹನ್ನೊಂದು! ಗಿರಾಕಿ ಹೊಳ್ಳಿ ಬರ್ತಾನೇನು?"

ಗಿರಾಕಿ ಬರದೆ ಎಷ್ಟೋ ನೂರು ವರ್ಷವಾಯಿತೆಂದು ಇವನಿಗೆ ಯಾರು ಹೇಳಬೇಕು?

ನಮ್ಮ ಕಡೆ ಟೇಪು ಹಿಡಿದು ನಿಂತವನು ಸುಮ್ಮನೆ ನಿಂತಿರುತ್ತಾನೆಯೇ? ಕಾಲುವೆ ಸರ್ವೆಗೇ ಬಂದಿರಬೇಕು ಎಂಬುದು ಊರವರ ಲೆಕ್ಕ! ಅರ್ಧ ತಾಸಿನಲ್ಲಿ ಊರೇ ನೆರೆಯಿತು, ಚಹಾ ಬಂತು.

"ಸಾಹೇಬ್ರ, ಕಾಲುವಿ ನನ್ನ ಹೊಲದ ಬಾಜೂಕ ಬರ್ಲಿ, ಒಳಗ ಬ್ಯಾಡ್ರಿ" ಎಂದ ಒಬ್ಬ.

"ಬಾಜೂ ಹೊಲ ನಂದೈತಿ!" ಎಂದು ಇನ್ನೊಬ್ಬ ಎದ್ದ.

ಕಾಕಾ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಚಹಾ ಕುಡಿದು, ದಕ್ಷಿಣದ ಮಗ್ಗುಲು ತೋರಿಸಿ, "ಮೊದಲ ಈ ಕಂಟಿ ಕಡೀರಿ. ಅಳತಿ ಕಾಣವಲ್ದು" ಎಂದ. ಮರುವಾರ ಹೋದರೆ ದಕ್ಷಿಣದ ಮಗ್ಗುಲು ಪೂರ್ತಿ ಸ್ವಚ್ಛ! ಬೋರ್ಡು ನೆಟ್ಟವರಿಂದ ಆಗದ ಕೆಲಸ ಬಾರದ ಕಾಲುವೆಯಿಂದ ಆಗಿತ್ತು. ಕಾಕಾ ಆ ಮಗ್ಗುಲನ್ನೂ ಅಳೆದುಕೊಂಡ.

ಅದರ ಮುಂದಿನ ವಾರ ಕಾಕಾ ಆಟೋ ಮಾಡಿದ. ಒಳಗೆ ಕಾಕು, ಅವಳ ಮಡಿಲಲ್ಲಿ ಉಡಿ ತುಂಬಲು ಖಣ ಕೊಬ್ಬರಿ, ಜತೆಗೆ ಹೊಸ ಕಟ್ಟಿಗೆಯ ಮಣೆಯೊಂದು.

"ಇವ್ರು ಯಾರ್ರಿ ಸಾಹೇಬ್ರ?" ಎಂದರು ಊರವರು.

"ನನ್ನ ಮ್ಯಾಲಿನ ಸಾಹೇಬ್ರು. ತಪಾಸಣಿಗೆ ಬಂದಾರ."

ಜನ ಕೈಮುಗಿದು ದಾರಿ ಬಿಟ್ಟರು. ಕಾಕಾ ಅವಳ ಕೈ ಹಿಡಿದ. ಈ ಮಗ್ಗುಲಿನ ಪಾವಟಿಗೆಗಳೆಲ್ಲ ಏಳೇಳು ಇಂಚು. ಹದಿಮೂರು ಇಂಚಿನದು ಒಂದೇ ಒಂದು; ಅದರ ಬುಡಕ್ಕೆ ಆರು ಇಂಚಿನ ಮಣೆ ಇಟ್ಟ. ನನಗೆ ಆಗ ಹೊಳೆಯಿತು. ಮನೆಯ ಹೊಸ್ತಿಲು ದಾಟುವಾಗ ಕಾಕುವಿನ ಕಾಲು ಎಷ್ಟು ಏಳುತ್ತದೆಂದು ಈತ ಅಳೆದಿಟ್ಟುಕೊಂಡೇ ಬಂದಿದ್ದ!

"ಮೊದಲ ಹೇಳಾಕ ಏನಾಗಿತ್ತು ಕಾಕಾ?" ಎಂದೆ ಮೆಲ್ಲಗೆ.

"ಆಸಿ ಹಚ್ಚಿ, ಆಮ್ಯಾಲ ಪಾವಟಿಗಿ ಆಕಿ ಕಾಲಿಗೆ ಕೂಡಿ ಬರಲಿಲ್ಲಂದ್ರ?"

ಕಾಕು ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. "ಇಷ್ಟ ಐತ್ವಾರ ಎಲ್ಲಿ ಹೋಗ್ತಿದ್ರಿ?" ಎಂದು ಕೇಳಿದಳು.

"ಕಾಲುವಿ ಸರ್ವೇಕ" ಎಂದ ಕಾಕಾ. ಟೇಪು ಸುತ್ತಿ ಜೇಬಿಗಿಟ್ಟು, ಮೇಲೇರಲು ಮತ್ತೆ ಅವಳ ಕೈ ಹಿಡಿದ. ನಾನು ಅಳು ತಡೆಯಲಾರದೆ ಎಮ್ಮೆಯ ಕಡೆ ತಿರುಗಿ ನಿಂತೆ.