ಕಮಲಾಪುರಕ್ಕೆ ಹೋದ ಸಿಂಹಾಸನ

ಕುರ್ಚಿಯ ಆಸೆಯೇ ಇಲ್ಲ ಎನ್ನುವವರನ್ನು ನಾನು ನಂಬುವುದಿಲ್ಲ. ನನಗಂತೂ ಇದೆ. ಬಸ್ಸಿನಲ್ಲಿ ಕಿಟಕಿ ಪಕ್ಕದ್ದು, ಮದುವೆಯಲ್ಲಿ ಫ್ಯಾನಿನ ಕೆಳಗಿನದು, ಸ್ಟಾಫ್ ರೂಮಿನಲ್ಲಿ ಕೈಗಳಿರುವ ಒಂದೇ ಒಂದು ಕುರ್ಚಿ, ಇವುಗಳಿಗಾಗಿ ನಾನು ಮಾಡಿರುವ ಸಣ್ಣತನಗಳನ್ನು ಬರೆದರೆ ಪುಸ್ತಕವಾದೀತು. ಕಲಬುರಗಿಯಲ್ಲಿ ಮನೆ, ಕಮಲಾಪುರದ ಹೈಸ್ಕೂಲಿನಲ್ಲಿ ಇತಿಹಾಸದ ಪಾಠ. ಬಹಮನಿ ಸುಲ್ತಾನರ ನೀಲಿ ಸಿಂಹಾಸನದ ಬಗ್ಗೆ ಹೇಳುವಾಗ, ಕೂರುವ ಒಂದು ಜಾಗಕ್ಕಾಗಿ ಸ್ವಂತದವರ ಕಣ್ಣು ಕೀಳಿಸುವುದೆಂದರೇನು ಎಂದು ಮಕ್ಕಳ ಮುಂದೆ ನಿಟ್ಟುಸಿರು ಬಿಡುತ್ತೇನೆ. ಗಂಟೆ ಬಾರಿಸಿದ ಕೂಡಲೇ ಗಣಿತದ ಮಾಸ್ತರರು ಬರುವುದರೊಳಗೆ ಸ್ಟಾಫ್ ರೂಮಿಗೆ ಓಡುತ್ತೇನೆ.

ಈ ಸಲದ ಗ್ಯಾದರಿಂಗಿಗೆ, ಅಂದರೆ ಶಾಲೆಯ ವಾರ್ಷಿಕೋತ್ಸವಕ್ಕೆ, ಒಂಬತ್ತನೇ ತರಗತಿಯ ಹುಡುಗಿಯರಿಂದ ನಾಟಕ ಮಾಡಿಸಿದೆ. ರಾಜನ ಪಾತ್ರ ರೇಣುಕಾಳದು. ಕೆಂಪು ಬಾಳೆಹಣ್ಣು ಮಾರುವವರ ಮಗಳು. ಎರಡು ತಿಂಗಳಲ್ಲಿ ತನ್ನ ಮಾತಷ್ಟೇ ಅಲ್ಲ, ಎಲ್ಲರ ಮಾತನ್ನೂ ಬಾಯಿಪಾಠ ಮಾಡಿದ್ದಳು. ತಾಲೀಮಿನಲ್ಲಿ ಒಂದು ದಿನ, "ಸರ್, ರಾಜಾ ಬೆಂಚಿನ ಮ್ಯಾಲ ಕುಂತ್ರ ಯಾರ್ ಹೆದರ್ತಾರ್ರಿ?" ಎಂದಳು. ಖರೆ ಅನ್ನಿಸಿತು. ಸಿಂಹಾಸನ ತಂದೇ ತರುತ್ತೇನೆಂದು ಮಾತು ಕೊಟ್ಟೆ.

ಕಲಬುರಗಿಯ ಶಾಮಿಯಾನಾದವರ ಹತ್ತಿರ ಮದುಮಕ್ಕಳು ಕೂರುವ ಸಿಂಹಾಸನವೊಂದು ಬಾಡಿಗೆಗೆ ಸಿಕ್ಕಿತು. ಕೆಂಪು ಮಖಮಲ್ಲು, ಎರಡು ಬಂಗಾರದ ಬಣ್ಣದ ಸಿಂಹಗಳು. ಒಂದಕ್ಕೆ ಕಿವಿ ಇರಲಿಲ್ಲ. ಟೆಂಪೊ ಹೊಡೆಯುವ ಮೆಹಬೂಬ್, "ಮುಂದ ಸ್ಪೀಕರ್ ಇಟ್ಟೀನ್ರಿ ಸರ್. ನೀವು ಹಿಂದ ಸಿಂಹಾಸನದಾಗೇ ಕೂಡ್ರಿ. ನಿಮ್ಮ ಭಾರಕ್ಕ ಅದೂ ಅಲುಗಾಡಂಗಿಲ್ಲ" ಎಂದ. ನಾಚಿಕೊಳ್ಳುತ್ತಲೇ ಹತ್ತಿ ಕೂತೆ. ನಾಚಿಕೆ ಕಪನೂರದವರೆಗೆ ಇತ್ತು. ಅಲ್ಲಿ ಚಹಾ ಕುಡಿಯುತ್ತ ನಿಂತಿದ್ದ ಕಾರ್ಖಾನೆಯ ಕೆಲಸಗಾರನೊಬ್ಬ ನಗುತ್ತ ಸಲಾಮು ಹೊಡೆದ. ನಾನು ಕೈಯೆತ್ತಿ ಸ್ವೀಕರಿಸಿದೆ. ಅಲ್ಲಿಂದ ಮುಂದೆ ಸಲಾಮು ಮಾಡದವರಿಗೂ ಕೈಯೆತ್ತಿದೆ, ಒಂದೆರಡು ಎಮ್ಮೆಗಳಿಗೂ. ಟೆಂಪೊ ನಿಧಾನವಾದ ಕಡೆ ಬಸ್ಸಿಗೆ ಕಾದು ಕೂತಿದ್ದ ಮುದುಕಿಯೊಬ್ಬಳು, "ಎರಡನೇ ಮದುವಿ ಏನೋ ಯಪ್ಪಾ?" ಎಂದು ಕೇಳಿದಳು.

"ಇಲ್ಲಬೇ ಯವ್ವಾ, ನಾಟಕ."

"ಎಲ್ಲಾರೂ ಹಂಗೇ ಅಂತಾರ."

ಸಂಜೆ ಸಿಂಹಾಸನವನ್ನು ವೇದಿಕೆಯ ನಡುವೆ ಇರಿಸಿ, ಅದರ ಮುಂದೆ ಅತಿಥಿಗಳಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿದೆವು. ಮುಖ್ಯ ಅತಿಥಿ ಊರಿನ ಸಾಹುಕಾರರು. ಶಾಲೆಗೆ ನೀರಿನ ಟಾಕಿ ಕಟ್ಟಿಸಿಕೊಟ್ಟವರು. ಅವರು ಬಂದವರೇ ಪ್ಲಾಸ್ಟಿಕ್ ಕುರ್ಚಿಗಳನ್ನು ದಾಟಿ ನೆಟ್ಟಗೆ ಹೋಗಿ ಸಿಂಹಾಸನದಲ್ಲಿ ಕೂತುಬಿಟ್ಟರು. ಭಾಷಣಗಳು ಮುಗಿದು ಉಳಿದವರೆಲ್ಲ ಕೆಳಗಿಳಿದರೂ ಅವರು ಏಳಲಿಲ್ಲ. "ನಾ ಇಲ್ಲೇ ಕುಂತು ನೋಡ್ತೀನಿ. ಛಲೋ ಕಾಣ್ತದ," ಎಂದರು.

ಹೆಡ್ ಮೇಡಂ ನನ್ನ ಕಡೆ ನೋಡಿ, "ತಂದವರು ನೀವು, ನೀವೇ ಹೇಳ್ರಿ," ಎಂದರು. ನಾನು ಸಾಹುಕಾರರ ಹತ್ತಿರ ಹೋಗಿ ಬಾಗಿದೆ. ಅವರು "ಏನು?" ಎಂಬಂತೆ ಹುಬ್ಬೇರಿಸಿದರು. "ನೀರು ಬೇಕೇನ್ರಿ?" ಎಂದೆ. ಬೇಕು ಎಂದರು. ತಂದುಕೊಟ್ಟೆ.

ಪರದೆಯ ಹಿಂದೆ ರೇಣುಕಾ ಕಾಡಿಗೆಯ ಮೀಸೆ ಬರೆದುಕೊಂಡು ನಿಂತಿದ್ದಳು. ಕಣ್ಣೀರಿಗೆ ಮೀಸೆಯ ಒಂದು ತುದಿ ಆಗಲೇ ಇಳಿದಿತ್ತು. "ಹೇಳಿದ್ರೇನ್ರಿ ಸರ್?" ಎಂದಳು. ಬೆಂಚು ತರಿಸುತ್ತೇನೆ ಎಂದೆ. ಅವಳು ನನ್ನನ್ನು ಒಮ್ಮೆ ನೋಡಿದಳು. ಇಪ್ಪತ್ತು ವರ್ಷದ ನೌಕರಿಯಲ್ಲಿ ಯಾವ ಮೇಲಧಿಕಾರಿಯೂ ನನ್ನನ್ನು ಹಾಗೆ ನೋಡಿಲ್ಲ. ಆಮೇಲೆ ಮೂಗು ಒರೆಸಿಕೊಂಡು ನೆಟ್ಟಗೆ ವೇದಿಕೆಗೆ ಹೋಗಿ ಸಾಹುಕಾರರ ಎದುರು ನಿಂತಳು.

"ಅಜ್ಜಾರ, ನಿಮಗ ಯಾರು ಅನ್ಯಾಯ ಮಾಡ್ಯಾರ? ಕೆಳಗ ಬಂದು ಹೇಳ್ರಿ. ಅದು ನ್ಯಾಯ ಹೇಳೋರು ಕೂಡೋ ಜಾಗ."

ಇದು ನಾನು ಬರೆದ ಮಾತಲ್ಲ. ಸಾಹುಕಾರರು ಹುಡುಗಿಯನ್ನು ನೋಡಿದರು, ಅವಳ ಇಳಿದ ಮೀಸೆಯನ್ನು ನೋಡಿದರು, ಆಮೇಲೆ ಮೊಣಕಾಲು ಹಿಡಿದುಕೊಂಡು ನಿಧಾನವಾಗಿ ಎದ್ದರು. "ತಪ್ಪಾತ್ರಿ ಮಹಾರಾಜರ," ಎಂದು ಕೈಮುಗಿದು ಕೆಳಗಿಳಿದು ಹುಡುಗರ ಸಾಲಿನಲ್ಲಿ ಕೂತರು. ಸೀಟಿಯೋ ಸೀಟಿ.

ರೇಣುಕಾ ಸಿಂಹಾಸನ ಏರಿದಳು. ಆದರೆ ಅದು ದೊಡ್ಡವರ ಅಳತೆಯದು. ಕಾಲುಗಳು ನೆಲಕ್ಕೆ ಮುಟ್ಟದೆ ತೂಗಾಡಿದವು. ಯಾರೋ ಕಿಸಕ್ಕೆಂದರು. ಅವಳ ಗದ್ದ ನಡುಗಿತು. ಅಷ್ಟರಲ್ಲಿ ನನಗೆ ಎಲ್ಲಿಂದ ಧೈರ್ಯ ಬಂತೋ, ಪರದೆಯ ಹಿಂದಿದ್ದ ಸೀಮೆಸುಣ್ಣದ ಮರದ ಪೆಟ್ಟಿಗೆ ಹಿಡಿದು ವೇದಿಕೆಗೆ ಓಡಿ, ಮೊಣಕಾಲೂರಿ ಅವಳ ಪಾದದ ಕೆಳಗೆ ಇಟ್ಟೆ. ನಾನೂ ಪಾತ್ರಧಾರಿಯೆಂದು ಜನ ಚಪ್ಪಾಳೆ ತಟ್ಟಿದರು. ರೇಣುಕಾ ಪೆಟ್ಟಿಗೆಯ ಮೇಲೆ ಕಾಲು ಗಟ್ಟಿಯಾಗಿ ಊರಿ, ಕೈಯೆತ್ತಿದಳು.

"ಸಾಕು ಮಂತ್ರಿಗಳ, ನೀವಿನ್ನ ಹೋಗ್ರಿ."

ನಾನು ಕೈಜೋಡಿಸಿ, ಬೆನ್ನು ತೋರಿಸದೆ, ಹಿಂದಹಿಂದಕ್ಕೆ ಹೆಜ್ಜೆಯಿಡುತ್ತ ಪರದೆಯವರೆಗೆ ಹೋದೆ. ಹಾಗೆ ಹೋಗಬೇಕೆಂದು ನನಗೆ ಯಾರೂ ಹೇಳಿರಲಿಲ್ಲ.