ಟವೆಲ್ ತಂದ ಅತಿಥಿ

ಅಂದು ಬೆಳಿಗ್ಗೆಯೂ ಕುವಬಾರಾನ ಕಸ ಅವನ ಮನೆಗೇ ಮರಳಿ ಬಂತು. ಪಾರದರ್ಶಕ ಚೀಲದ ಮೇಲೆ ದಪ್ಪ ಅಕ್ಷರದಲ್ಲಿ ಅವನ ಹೆಸರಿತ್ತು. ಹೆಸರಿಲ್ಲದ ಚೀಲವನ್ನು ಕಸದ ಲಾರಿಯವರು ಮುಟ್ಟುವುದಿಲ್ಲ; ಅವನ ಹೆಸರಿದ್ದ ಚೀಲವನ್ನು ಪಕ್ಕದ ಮನೆಯ ಟೋಮಿ ಅಜ್ಜಿ ಬಿಡುವುದಿಲ್ಲ. ಕಸ ಹಾಕುವ ಜಾಲರಿ ಗೂಡು ಓಣಿಯ ಸಂಘದ್ದು, ಅದರ ಬೀಗದ ಕೈ ಅಜ್ಜಿಯ ಸೊಂಟದಲ್ಲಿ. ಎರಡು ವರ್ಷದ ಹಿಂದೆ ಈ ಊರಿಗೆ ವರ್ಗವಾಗಿ ಬಂದಾಗ, ಹೊಸಬರು ಅಕ್ಕಪಕ್ಕದವರಿಗೆ ಟವೆಲ್ ಕೊಟ್ಟು ಪರಿಚಯ ಹೇಳಿಕೊಳ್ಳುವ ಇಲ್ಲಿನ ಪದ್ಧತಿಯನ್ನು ಕುವಬಾರಾ ಮರೆತಿದ್ದ. ಓಣಿ ಮರೆತಿರಲಿಲ್ಲ. ಹಾಗಾಗಿ ಅವನು ಇನ್ನೂ ಸಂಘದ ಸದಸ್ಯನಲ್ಲ.

ಅಡುಗೆಮನೆಯಲ್ಲಿ ಆ ಚೀಲದೊಳಗಿನ ಬಂಗುಡೆ ತಲೆಗಳು ಆಗಸ್ಟ್ ಸೆಖೆಯಲ್ಲಿ ನಾರುತ್ತ, ಹೊರಡುವ ಮಾತೇ ಎತ್ತದ ನೆಂಟರಂತೆ ಠಿಕಾಣಿ ಹೂಡಿದ್ದವು. ಉತ್ಸವದ ಕಾರಣ ಇಂದು ಲಾರಿ ಮಧ್ಯಾಹ್ನ ಬರಲಿತ್ತು. ಅಷ್ಟರಲ್ಲಿ ಚೀಲ ಗೂಡು ಸೇರದಿದ್ದರೆ ತಾನೇ ಮನೆ ಬಿಡಬೇಕು ಎಂದುಕೊಂಡು ಅವನು ಪುರಸಭೆಯ ಕೆಲಸಕ್ಕೆ ಹೊರಟ.

ಹಿಂದೊಮ್ಮೆ ಗುಡ್ಡದ ಮೇಲೆ ಯಾರಿಗೋ ವಿಚಿತ್ರ ಬೆಳಕು ಕಂಡಿತೆಂದು ಊರು ಪ್ರತಿ ವರ್ಷ ಹಾರುವ ತಟ್ಟೆಯ ಉತ್ಸವ ಮಾಡುತ್ತದೆ. ಈ ಸಲ ಅನ್ಯಲೋಕದವನ ವೇಷ ಹಾಕಬೇಕಾದವನಿಗೆ ಸೊಂಟ ಹಿಡಿದುಕೊಂಡಿತ್ತು. ಪುರಸಭೆಯ ಮೇಲಧಿಕಾರಿ ಕುವಬಾರಾನತ್ತ ತಿರುಗಿ, "ನೀನೇ ಹಾಕ್ಕೋ. ಹೇಗಿದ್ರೂ ಊರಲ್ಲಿ ನಿನ್ನ ಗುರುತು ಯಾರಿಗೂ ಇಲ್ಲ" ಎಂದ.

ಬೆಳ್ಳಿ ಬಣ್ಣದ ರಬ್ಬರ್ ಉಡುಪು, ತಲೆಯೂ ಸೇರಿ ಒಂದೇ ತುಂಡು. ಬೆನ್ನಿನ ಜಿಪ್ ಎಳೆದದ್ದೇ ಅದರ ಹಿಡಿ ಕಿತ್ತು ಮೇಲಧಿಕಾರಿಯ ಕೈಗೆ ಬಂತು. ಸಂಜೆ ಕತ್ತರಿ ಹಾಕಿದರಾಯಿತೆಂದು ಅವನು ಉತ್ಸವದ ಕಾಣಿಕೆಯಾಗಿ ಒಂದು ಕಟ್ಟು ಟವೆಲ್ ಕೊಟ್ಟು, ಸಿಕ್ಕವರಿಗೆಲ್ಲ ಹಂಚಲು ಹೇಳಿ ಕಳಿಸಿದ.

ಮೊದಲು ಸಿಕ್ಕಿದ್ದು ಟೋಮಿ ಅಜ್ಜಿ. ಎರಡೂ ಕೈಯಿಂದ ಟವೆಲ್ ತೆಗೆದುಕೊಂಡು ಸೊಂಟದವರೆಗೆ ಬಾಗಿದಳು. ಅತಿಥಿಯನ್ನು ಕರೆದುಕೊಂಡೇ ಶಾಲೆಯ ಮೈದಾನಕ್ಕೆ ಹೋದಳು.

ಅಲ್ಲಿ ಎರಡು ಪೀಪಾಯಿ ಇಟ್ಟಿದ್ದರು. ಅನ್ಯಲೋಕದವರು ಬಂದರೆ ಹೆದರುವವರು ಒಂದಕ್ಕೆ, ನಂಬುವವರು ಇನ್ನೊಂದಕ್ಕೆ ಚೆಂಡು ಹಾಕಬೇಕು. ಸಂಘದ ಅಧ್ಯಕ್ಷ ಮುನಕಾತಾ ಚೆಂಡು ಹಿಡಿದು ನಿಂತೇ ಇದ್ದ.

"ಎಲ್ಲಿಂದಲೋ ಬಂದವರನ್ನ ನಂಬೋದು ಹೇಗೆ ಅಜ್ಜಿ?"

"ಅಷ್ಟು ದೂರದಿಂದ ಬಂದ್ರೂ ಟವೆಲ್ ತರೋದು ಮರೆತಿಲ್ಲ ನೋಡಿ, ಅಧ್ಯಕ್ಷರೇ. ಹೆದರಬೇಕಾದ್ದು ನಮ್ಮ ಪಕ್ಕದ ಮನೆಯವನಿಗೆ. ಎರಡು ವರ್ಷ ಆಯ್ತು, ಒಂದು ಕರವಸ್ತ್ರ ಕಾಣಿಸಿಲ್ಲ."

ಪಕ್ಕದ ಮನೆಯವನು ತಾನೇ ಎಂದು ಕುವಬಾರಾ ಕೂಗಿದ. ರಬ್ಬರ್ ದಾಟಿ ಹೊರಬಂದದ್ದು ದುಂಬಿಯ ಗುಂಯ್‌ಗುಡುವಿಕೆ ಮಾತ್ರ.

"ನೋಡಿ, ಇವರೂ ಹೌದು ಅಂತಿದ್ದಾರೆ" ಎಂದಳು ಅಜ್ಜಿ.

ಮುನಕಾತಾನ ಚೆಂಡು ನಂಬುವವರ ಪೀಪಾಯಿಗೆ ಬಿತ್ತು. ಚಪ್ಪಾಳೆ ತಟ್ಟಿ ಅತಿಥಿಯನ್ನು ಸಂಘದ ಗೌರವ ಸದಸ್ಯನನ್ನಾಗಿ ಮಾಡಿದರು. ಕೈಗೊಂದು ಹೋಳು ಕಲ್ಲಂಗಡಿ ಕೊಟ್ಟರು; ತಿನ್ನಲು ಬಾಯಿ ಇರಲಿಲ್ಲ. ಕೊನೆಗೆ ಅಜ್ಜಿ ಸೊಂಟದಿಂದ ಗೂಡಿನ ಬೀಗದ ಕೈ ತೆಗೆದು ಅವನಿಗೆ ಕೊಟ್ಟಳು.

"ಇನ್ನು ನೀವು ನಮ್ಮೋರು. ಕಸ ಇದ್ರೆ ಸಂಕೋಚ ಪಡಬೇಡಿ."

ಕುವಬಾರಾನಿಗೆ ವೇಷ ಬಿಚ್ಚುವ ಆಸೆಯೇ ಹೋಯಿತು. ಹಿಂಬಾಗಿಲಿನಿಂದ ಮನೆಗೆ ನುಗ್ಗಿ ಚೀಲ ಹೊತ್ತು ಓಡಿದ. ಲಾರಿ ಓಣಿಯ ತಿರುವಿಗೆ ಬಂದಿತ್ತು. ಬೀಗ ತೆಗೆದು ಚೀಲ ಒಳಗಿಡಬೇಕು, ಅಷ್ಟರಲ್ಲಿ ಅಜ್ಜಿ ಹತ್ತಿರ ಬಂದು ಹೆಸರು ಓದಿದಳು.

"ಅಯ್ಯೋ ಪಾಪ, ಬಂದು ಒಂದು ದಿನ ಆಗಿಲ್ಲ, ಆಗಲೇ ನಿಮ್ಮ ತಲೆಗೆ ತನ್ನ ಕಸ ಕಟ್ಟಿದ್ನಾ ಅವನು? ಕೊಡಿ ಇಲ್ಲಿ ಬೀಗದ ಕೈ. ನಿಮ್ಮಂಥ ಸಾಧುಗಳ ಹತ್ರ ಇದ್ರೆ ಅವನು ದಿನಾ ಇದೇ ಕೆಲಸ ಮಾಡಿಸ್ತಾನೆ."

ಅತಿಥಿಗೆ ಅವಮಾನವಾಯಿತೆಂಬ ಸುದ್ದಿ ಹಬ್ಬಿತು. ಲಾರಿ ಹೊರಟುಹೋಯಿತು. ಮುನಕಾತಾನ ಮುಂದಾಳುತನದಲ್ಲಿ ಇಡೀ ಓಣಿ, ಚೀಲ ಹಿಡಿದ ಅತಿಥಿಯನ್ನು ನಡುವೆ ಇಟ್ಟುಕೊಂಡು, ಕುವಬಾರಾನ ಮನೆಗೆ ನಡೆಯಿತು. ಕರೆದರು, ತಟ್ಟಿದರು. ಬಾಗಿಲು ತೆರೆಯಲಿಲ್ಲ.

"ಒಳಗೇ ಅಡಗಿದ್ದಾನೆ" ಎಂದ ಮುನಕಾತಾ.

ಅಜ್ಜಿ ಅತಿಥಿಯ ಬೆನ್ನು ಸವರಿದಳು. "ನೀವೇ ಒಂದ್ಸಲ ತಟ್ಟಿ. ನಿಮ್ಮನ್ನ ನೋಡಿಯಾದ್ರೂ ಹೆದರಲಿ."

ಕುವಬಾರಾ ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡು ತನ್ನ ಮನೆಯ ಬಾಗಿಲು ತಟ್ಟಿದ.