ಅತ್ತೆಯ ಪಂಚಮಿ ಸೀಜನ್

ಮೊದಲೇ ಹೇಳಿಬಿಡುತ್ತೇನೆ: ಇದರಲ್ಲಿ ನಡೆದದ್ದೆಷ್ಟು, ನಾನು ಆಮೇಲೆ ಸೇರಿಸಿಕೊಂಡದ್ದೆಷ್ಟು ಎಂಬುದು ನನಗೇ ಖಾತ್ರಿಯಿಲ್ಲ. ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಓದಿದ ಮೇಲೆ ನನಗೊಂದು ರೋಗ ಅಂಟಿಕೊಂಡಿದೆ. ಪಕ್ಕದವರು ‘ಮಳೆ ಬಂತು’ ಎಂದರೂ ಕಿಟಕಿಯಾಚೆ ಕೈ ಚಾಚಿ ನೋಡದೆ ಒಪ್ಪುವವನಲ್ಲ. ನನ್ನ ನೆನಪಿನ ಮೇಲೂ ನನಗೆ ಅದೇ ಅನುಮಾನ. ಆದರೆ ಒಂದು ಮಾತಿಗೆ ಮಾತ್ರ ರೋಣದಲ್ಲಿ ಯಾರನ್ನು ಬೇಕಾದರೂ ಸಾಕ್ಷಿಗೆ ಕರೆಯಬಹುದು. ಊರಿನ ಯಾವ ಹೆಂಡತಿ ಯಾವಾಗ ತವರಿಗೆ ಹೋಗುತ್ತಾಳೆಂಬುದು ಅವಳ ಗಂಡನಿಗಿಂತ ಮೊದಲು ನಮ್ಮ ಅತ್ತೆಗೆ ಗೊತ್ತಾಗುತ್ತಿತ್ತು!

ಅತ್ತೆ ಎಂದರೆ ಅಪ್ಪನ ತಂಗಿ. ರೋಣದ ಬಸ್ ನಿಲ್ದಾಣದ ಹತ್ತಿರ ಅವಳದೊಂದು ಖಾನಾವಳಿ. ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು. ತಾಟು ಖಾಲಿಯಾಗುವ ಮೊದಲೇ ಮತ್ತೊಂದು ರೊಟ್ಟಿ. ಮಾವ ತೀರಿಕೊಂಡ ಮೇಲೆ ಎಲ್ಲವನ್ನೂ ಒಬ್ಬಳೇ ನಡೆಸುತ್ತಿದ್ದಳು. ರೊಟ್ಟಿ ಬಡಿಯಲು ಹುಸೇನಬಿ ಎಂಬ ಗಟ್ಟಿ ಕೈಯ ಗೆಳತಿ ಇದ್ದಳು.

ಆಗ ಪೇಟೆಯ ಅಂಗಡಿಗಳೆಲ್ಲ ‘ಒಂದು ಕೊಂಡರೆ ಒಂದು ಉಚಿತ’ ಎಂಬ ಬೋರ್ಡು ನೇತುಹಾಕುವುದನ್ನು ಕಲಿಯುತ್ತಿದ್ದವು. ಅತ್ತೆಗೆ ಬೋರ್ಡೂ ಬೇಕಿರಲಿಲ್ಲ, ಜಾಹೀರಾತೂ ಬೇಕಿರಲಿಲ್ಲ. ಬೆಳಿಗ್ಗೆ ಅರ್ಧ ತಾಸು ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕುಳಿತು, ಬಸ್ ಹತ್ತುವ ಹೆಂಗಸರ ಕೈಯಲ್ಲಿನ ಚೀಲ ನೋಡಿದರೆ ಸಾಕು. ಸಣ್ಣ ಚೀಲವಾದರೆ ಒಂದು ರಾತ್ರಿ. ದೊಡ್ಡ ಚೀಲ, ಜೊತೆಗೆ ಹೊಸ ಬಟ್ಟೆ ತೊಟ್ಟ ಮಕ್ಕಳಾದರೆ ಐದು ದಿನ. ಮಕ್ಕಳ ಶಾಲೆಯ ಪಾಟಿಚೀಲವೂ ಹೊರಟಿತೋ, ಅದು ಜಗಳ! ಆ ಮನೆಯ ಗಂಡಸಿಗೆ ತಿಂಗಳ ಕೂಪನ್ನು ತೆಗೆದಿಡುತ್ತಿದ್ದಳು. ಆತ ಜೋಲು ಮೋರೆ ಹಾಕಿಕೊಂಡು ಬರುವ ಹೊತ್ತಿಗೆ ತಾಟು ತಯಾರು.

ಒಮ್ಮೆ ಕನ್ನಡ ಶಾಲೆಯ ಮಾಸ್ತರರೊಬ್ಬರು ಖಾನಾವಳಿಯ ಮುಂದೆ ಹಾಯುತ್ತಿದ್ದರು. ಅತ್ತೆ ಒಳಗಿನಿಂದಲೇ ಕೂಗಿದಳು:

“ಮಾಸ್ತರ, ನಾಳಿಂದ ನಿಮ್ಮದು ಎರಡೂ ಹೊತ್ತಿನ ತಾಟ ಹಿಡಿದೇನ್ರಿ.”

“ನನಗ್ಯಾಕ್ರಿ ಅಕ್ಕಾರ? ಮನ್ಯಾಗ ಆಕಿ ಅದಾಳಲ್ಲ!”

“ಅದಾಳ. ಸಂಜೀತನಾ ಅದಾಳ.”

ಮಾಸ್ತರರು ಮನೆಗೆ ಓಡಿದರು. ಹೆಂಡತಿ ಸೀರೆ ಮಡಚುತ್ತ ಕುಳಿತಿದ್ದಳು! ತಿರುಗಿ ಬಂದು, “ನಿಮಗ ಹ್ಯಾಂಗ ಗೊತ್ತಾತ್ರಿ?” ಎಂದು ಕೇಳಿದರು. ಅತ್ತೆಗೆ ಅದೊಂದು ದೊಡ್ಡ ಸಂಗತಿಯೇ ಅಲ್ಲ. “ನಿಮ್ಮ ಹೆಂಡತಿ ಅಣ್ಣ ನರಗುಂದ ಬಸ್ಸಿನಿಂದ ಇಳಿದು ಬಾಳೆಹಣ್ಣ ತಗೊಂಡ. ಬಗಲಾಗ ಖಾಲಿ ಚೀಲ. ತಂಗೀನ ಕರಿಯಾಕ ಬಂದವನ್ನ ಬಿಟ್ಟು ಖಾಲಿ ಚೀಲ ಯಾರ್ ತರ್ತಾರ್ರಿ?”

ಇಂಥ ಅಣ್ಣಂದಿರು ಬಸ್ಸುಗಟ್ಟಲೆ ಬಂದಿಳಿಯುವುದು ಶ್ರಾವಣದಲ್ಲಿ, ನಾಗರಪಂಚಮಿಗೆ. ನಮ್ಮ ಕಡೆ ಪಂಚಮಿಯೆಂದರೆ ಹೆಣ್ಣುಮಕ್ಕಳ ಹಬ್ಬ. ಅಣ್ಣ ಬಂದು ಕರೆಯುತ್ತಾನೆ, ತಂಗಿ ತವರಿಗೆ ಹೋಗುತ್ತಾಳೆ, ಉಂಡಿ ತಿನ್ನುತ್ತಾಳೆ, ಜೋಕಾಲಿ ಆಡುತ್ತಾಳೆ. ಇತ್ತ ಊರಿನ ಗಂಡಸರ ಗತಿ? ಅತ್ತೆಯ ಖಾನಾವಳಿ! ತಹಶೀಲದಾರ ಕಚೇರಿಯ ಸಾಹೇಬರಿಂದ ಹಿಡಿದು ಸೈಕಲ್ ಅಂಗಡಿಯವರವರೆಗೆ ಒಂದೇ ಸಾಲಿನಲ್ಲಿ ಕುಳಿತು, “ಅಕ್ಕಾರ, ಇನ್ನೊಂದ ರೊಟ್ಟಿ” ಎನ್ನುತ್ತಿದ್ದರು. ವರ್ಷದ ವ್ಯಾಪಾರವೆಲ್ಲ ಆ ಒಂದು ವಾರದಲ್ಲೇ ಎಂದು ಅತ್ತೆ ಹೇಳುತ್ತಿದ್ದಳು.

ಹೀಗಾಗಿ ಒಬ್ಬ ಅಣ್ಣನ ಚೀಲ ಮಾತ್ರ ಪ್ರತಿವರ್ಷ ಖಾಲಿಯೇ ಉಳಿಯುತ್ತಿತ್ತು. ಆತ ನಮ್ಮ ಅಪ್ಪ. ನಮ್ಮೂರಾದ ರಾಜೂರಿನಿಂದ ಬಂದು ಖಾನಾವಳಿಯ ಬಾಗಿಲಲ್ಲಿ ನಿಂತು ಕರೆಯುತ್ತಿದ್ದ. ಮಾವ ತೀರಿಕೊಂಡ ಮೇಲಿನ ಹದಿನೆಂಟು ವರ್ಷವೂ ಅದೇ ಮಾತುಕತೆ:

“ಈ ವರ್ಷರೆ ಬಾರವಾ ತಂಗೀ. ಜೋಕಾಲಿ ಕಟ್ಟೇನಿ.”

“ಸೀಜನ್ ಐತೋ ಅಣ್ಣಾ! ಊರಾಗಿನ ಹೆಂಗಸರೆಲ್ಲ ಹೋದಮ್ಯಾಲ ನಾನೂ ಹೋದ್ರ, ಇವರ ಬಾಯಾಗ ಮಣ್ಣ ಹಾಕ್ಲೇನು?”

ಅಪ್ಪ ಒಂದು ತಾಟು ಉಂಡು, ಹೆಗಲ ವಸ್ತ್ರದಲ್ಲಿ ನಾಲ್ಕು ರೊಟ್ಟಿ ಕಟ್ಟಿಸಿಕೊಂಡು ತಿರುಗಿ ಬರುತ್ತಿದ್ದ. ಬೇವಿನ ಮರಕ್ಕೆ ಕಟ್ಟಿದ ಜೋಕಾಲಿಯಲ್ಲಿ ಊರ ಮಂದಿಯ ತಂಗಿಯರು ಜೀಕುತ್ತಿದ್ದರು. ಅಪ್ಪ ಕಟ್ಟೆಯ ಮೇಲೆ ಕುಳಿತು ಅಡಿಕೆ ಕತ್ತರಿಸುತ್ತಿದ್ದ.

ಎರಡು ಸಾವಿರದ ನಾಲ್ಕನೆಯ ಇಸವಿ ಇರಬೇಕು, ನಾನು ಎಂ.ಎಸ್ಸಿ. ಮುಗಿಸಿ ಬಂದಿದ್ದೆ. ಅದರ ಹಿಂದಿನ ಚಳಿಗಾಲದಲ್ಲಿ ಅಪ್ಪನ ಎಡಗೈ ಶಕ್ತಿ ಕಳೆದುಕೊಂಡಿತ್ತು. ಬಸ್ ಪ್ರಯಾಣ ಬೇಡವೆಂದು ಡಾಕ್ಟರು ಹೇಳಿದ್ದರು. ಆತ ನನ್ನನ್ನು ಕರೆದು, “ಈ ಸಲ ನೀ ಹೋಗಿ ಕರಕೊಂಡ ಬಾ. ಹ್ಯಾಂಗರೆ ಮಾಡು” ಎಂದ. ಹದಿನೆಂಟು ವರ್ಷ ಅಪ್ಪನಿಗೆ ಬಗ್ಗದವಳು ನನಗೆ ಬಗ್ಗುವಳೇ? ನಾನು ಉಪಾಯ ಹೂಡಿದೆ. ಹಬ್ಬಕ್ಕೆ ಬೇಕಾದ ರೊಟ್ಟಿಯನ್ನೆಲ್ಲ ಮೊದಲೇ ಬಡಿದು ಕಟಕಾಗಿ ಒಣಗಿಸಿಟ್ಟರೆ ಅತ್ತೆಗೆ ಬಿಡುವು ಸಿಗುವುದಿಲ್ಲವೇ? ಬೇಸಿಗೆ ಮುಗಿಯುತ್ತಲೇ ರೋಣಕ್ಕೆ ಬಂದು, ಗ್ರಾಫ್ ಹಾಳೆ ಹರಡಿದೆ.

“ಹಿಂದಿನ ಐದು ವರ್ಷದ ಪಂಚಮಿ ತಾರೀಖು ತಗೊಂಡು ಸರಾಸರಿ ತೆಗೆದೇನಿ ಅತ್ತಿ. ಆಗಸ್ಟ್ ಮೊದಲನೇ ವಾರ. ಎರಡು ಸಾವಿರ ರೊಟ್ಟಿ.”

ಅತ್ತೆ ಹಾಳೆಯನ್ನು ತಿರುಗಿಸಿ ನೋಡಿದಳು. ತಲೆಕೆಳಗಾಗಿಯೂ ನೋಡಿದಳು. “ಇಷ್ಟ ಓದಿದವ ಹೇಳಿದ ಮ್ಯಾಲ ಮುಗೀತು. ಹುಸೇನಬೀ, ಹಿಟ್ಟ ಹಿಡಿ” ಎಂದಳು. ಹುಸೇನಬಿ ಏನೋ ಹೇಳಲು ಬಾಯಿ ತೆರೆದಳು. ಅತ್ತೆ ಅವಳ ಮುಂದೆ ಹಿಟ್ಟಿನ ಪರಾತ ಸರಿಸಿದಳು.

ಎರಡು ವಾರ ಠಪ ಠಪ ಠಪ! ರೊಟ್ಟಿಯ ಗೋಪುರಗಳು ಜಂತಿಗೆ ಮುಟ್ಟಿದವು. ಉಣ್ಣಲು ಬಂದವರು ಅವುಗಳ ಸಂದಿಯಲ್ಲಿ ಅಡ್ಡಡ್ಡ ನಡೆಯಬೇಕಾಯಿತು. ಆಗಸ್ಟ್ ಬಂತು. ನಾನು ಪೆನ್ನು ಹಿಡಿದು ಕಟ್ಟೆಯ ಮೇಲೆ ಕುಳಿತೆ. ಒಬ್ಬ ಹೆಂಗಸೂ ತವರಿಗೆ ಹೊರಡಲಿಲ್ಲ! ಮೂರನೆಯ ದಿನ ಹೊಳೆಆಲೂರಿನ ಬಸ್ಸಿಗೆ ಕಾಯುತ್ತಿದ್ದ ಒಬ್ಬಳ ಕೈಯಲ್ಲಿ ಚೀಲ ಕಂಡು ಜೀವ ಬಂದಂತಾಯಿತು.

“ತವರಿಗೇನ್ರಿ?”

“ದವಾಖಾನಿಗೆ. ಹಲ್ಲ ನೋವು. ನಿನಗ್ಯಾಕಬೇಕೋ?”

ಬಸ್ ನಿಲ್ದಾಣದ ಕಂಟ್ರೋಲರು ನನ್ನನ್ನು ಕರೆದು, ಹೆಣ್ಣುಮಕ್ಕಳ ಚೀಲ ನೋಡುತ್ತ ಕೂರುವುದೇಕೆಂದು ವಿಚಾರಿಸಿದರು. “ಸಂಶೋಧನೆ” ಎಂದೆ. ಅವರ ಮುಖ ಇನ್ನೂ ಗಂಟಾಯಿತು. ನಾನಾದರೋ ಎದೆಗುಂದಲಿಲ್ಲ. ಟೀವಿ ಧಾರಾವಾಹಿಗಳಿಂದ ರೋಣದ ಸ್ತ್ರೀಯರಲ್ಲಿ ತವರಿನ ಸೆಳೆತ ಕ್ಷೀಣಿಸುತ್ತಿದೆ ಎಂಬ ಸಿದ್ಧಾಂತವನ್ನು ಅರ್ಧ ಬರೆದಿದ್ದೆ. ಅಷ್ಟರಲ್ಲಿ ಸವಡಿಯ ಮುದುಕರೊಬ್ಬರು ಬೀಡಿಗೆ ಬೆಂಕಿ ಕೇಳುತ್ತ ನನ್ನ ಹಾಳೆ ಇಣುಕಿದರು.

“ಏನ ಬರಿಯಾಕತ್ತಿ ತಮ್ಮಾ?”

“ಪಂಚಮಿಗೆ ಯಾರೂ ಹೊಂಟಿಲ್ಲ ನೋಡ್ರಿ.”

“ಎಲ್ಲಿ ಪಂಚಮೀನೋ? ಇದು ಅಧಿಕ ಮಾಸಪಾ! ಈ ವರ್ಷ ಶ್ರಾವಣ ಎರಡು. ಹಬ್ಬ ಬರೂದು ಎರಡನೇದ್ರಾಗ.”

ಕ್ಯಾಲೆಂಡರು ನೋಡಿದ್ದರೆ ಮುಗಿಯುತ್ತಿತ್ತು. ಆದರೆ ಸರಾಸರಿ ಬಲ್ಲವನು ಕ್ಯಾಲೆಂಡರು ನೋಡುತ್ತಾನೆಯೇ?

ತಲೆ ತಗ್ಗಿಸಿಕೊಂಡು ಅತ್ತೆಯ ಮುಂದೆ ನಿಂತೆ. ಬೈಗುಳದ ಮಳೆ ಬರಲಿಲ್ಲ. ಅವಳು ರೊಟ್ಟಿಯ ಗೋಪುರವೊಂದನ್ನು ಬೆರಳಿಂದ ಬಾರಿಸಿ ನೋಡಿದಳು, ಕಟ್ ಎಂದಿತು.

“ಕಟಕ ರೊಟ್ಟಿಗೆ ಏನ ಆಗ್ತೈತಿ? ತಿಂಗಳ ಇಟ್ರೂ ಹಿಂಗ ಇರ್ತಾವು. ಹಬ್ಬ ಬಂದಾಗ ಬಡಿಯೂ ಕೆಲಸಾನ ಇಲ್ಲ. ಹಂಗಾರ ನಾ ಇಲ್ಲಿ ಕುಂತು ಏನ ಮಾಡ್ಲಿ?”

“ನಾ ಅದೀನಲ್ಲ, ಪಲ್ಯಾ ನೋಡ್ಕೋತೀನಿ. ನನಗೇನ್ ಪಂಚಮಿ ಐತೇನ? ನೀ ನಡಿ” ಎಂದಳು ಹುಸೇನಬಿ. ಬಡಿಸುವ ಕೆಲಸಕ್ಕೆ ಮಾಸ್ತರರನ್ನೇ ನೇಮಿಸಿದಳು ಅತ್ತೆ. “ಸಾಲ್ಯಾಗ ನೂರ ಹುಡುಗರನ್ನ ಸಂಭಾಳಸ್ತೀರಿ, ಇಲ್ಲಿ ನಲವತ್ತ ಗಂಡಸರು. ಏನ ಫರಕ ಇಲ್ಲ.”

ಎರಡನೆಯ ಶ್ರಾವಣದ ಪಂಚಮಿಗೆ ಅತ್ತೆ ರಾಜೂರಿಗೆ ಬಂದಳು! ನನ್ನ ನೆನಪಿನ ಪ್ರಕಾರ ಬಸ್ಸಿನಿಂದ ಇಳಿದವಳು ಮನೆಯೊಳಗೆ ಕಾಲಿಡದೆ ನೇರ ಬೇವಿನ ಮರದ ಕಡೆ ನಡೆದಳು. ಅಪ್ಪನಿಗೆ ಒಂದೇ ಕೈಯಲ್ಲಿ ಹಗ್ಗ ಬಿಗಿಯಲು ಬರಲಿಲ್ಲ. ನಾನು ಬಿಗಿದೆ, ಆತ ಬಲಗೈಯಲ್ಲಿ ಎಳೆದು ಪರೀಕ್ಷಿಸಿದ. ಐವತ್ತು ದಾಟಿದ ಅತ್ತೆ ಸೀರೆಯ ಕಚ್ಚೆ ಬಿಗಿದು ನಿಂತೇ ಜೀಕತೊಡಗಿದಳು. ಹುಡುಗಿಯರು ಕೇಕೆ ಹಾಕಿದರು. ಅಪ್ಪ ಕಟ್ಟೆಯಿಂದ ಕೂಗಿದ:

“ಸೀಜನ್ ಹ್ಯಾಂಗೈತವಾ?”

“ಭಾಳ ಡಲ್ ಐತೋ ಅಣ್ಣಾ!” ಮೇಲಿನಿಂದ ಉತ್ತರ ಬಂತು.

ಅಪ್ಪ ನಕ್ಕ. ನಗುತ್ತ ನಗುತ್ತ ಧೋತರದ ಅಂಚಿನಿಂದ ಕಣ್ಣು ಒರೆಸಿಕೊಂಡ. ನನ್ನ ಮೂರ್ಖತನದಿಂದ ಇಷ್ಟು ಒಳ್ಳೆಯದಾಯಿತಲ್ಲ ಎಂದು ನಾನೂ ಒಳಗೊಳಗೇ ಬೀಗಿದೆ. ಮರುವರ್ಷದ ಪಂಚಮಿಗೆ ಅಪ್ಪ ಇರಲಿಲ್ಲ.

ಅಂದು ಅತ್ತೆ ಉಟ್ಟದ್ದು ಕೆಂಪು ಸೀರೆ ಎಂದು ನಾನು, ಹಸಿರು ಎಂದು ನನ್ನ ಅಕ್ಕ. ವರ್ಷಗಟ್ಟಲೆ ವಾದಿಸಿದೆವು. ಅತ್ತೆಯನ್ನು ಕೇಳೋಣವೆಂದರೆ ಅವಳೂ ಹೋಗಿದ್ದಳು. ಅನುಮಾನದ ರೋಗಿ ನಾನು, ಸುಮ್ಮನಿರಲಾದೀತೇ? ಅವಳು ಸದಾ ಸೀರೆ ಕೊಳ್ಳುತ್ತಿದ್ದ ಗಜೇಂದ್ರಗಡದ ನೇಕಾರರ ಮನೆಗೆ ಹೋದೆ. ಮಗ್ಗದ ಮುಂದಿದ್ದ ಹಿರಿಯರು ಲಾಳಿ ಬದಿಗಿಟ್ಟರು.

“ಬಣ್ಣ ನೆನಪಿಲ್ರಿ. ಯುಗಾದಿ ಆಗಿ ಎಂಟ ದಿನಕ್ಕ ಬಂದು ಹೇಳಿ ಹೋಗಿದ್ರು, ಅದು ಖರೇ ನೆನಪೈತಿ. ‘ಗಡಬಡಿ ಇಲ್ಲಪಾ, ಸಾವಕಾಶ ನೇಯಿ. ಈ ವರ್ಷ ಶ್ರಾವಣ ಎರಡ ಅದಾವು, ಎರಡನೇದ್ರಾಗ ನಾ ಅಣ್ಣನ ಮನಿಗೆ ಹೋಗಾಕಿ’ ಅಂದಿದ್ರು.”

ಯುಗಾದಿಗೆ ನಾನಿನ್ನೂ ಗ್ರಾಫ್ ಹಾಳೆ ಕೊಂಡಿರಲಿಲ್ಲ. ಆದರೂ ಒಬ್ಬರ ಸಾಕ್ಷಿ ಸಾಲದೆಂದು, ಈಗ ನರಗುಂದದಲ್ಲಿ ಮಗಳ ಮನೆಯಲ್ಲಿರುವ ಹುಸೇನಬಿಯ ಬಳಿಗೂ ಹೋಗಿ, ಅತ್ತೆಗೆ ಎಲ್ಲ ಮೊದಲೇ ಗೊತ್ತಿತ್ತೇ ಎಂದು ಕೇಳಿದೆ. ಅವಳು ಬಾಯಿಗೆ ಸೆರಗು ಹಿಡಿದುಕೊಂಡು ನಕ್ಕು, ಹೌದೆಂದಳು.